ಗೇಣಿಗೆ ಸಿಗುವ ವಿಳಾಸ

ಮೊಬೈಲನ್ನು ವೈಫೈಗೆ ಸೇರಿಸುವಾಗ ‘ಐಪಿ ವಿಳಾಸ ಪಡೆಯಲಾಗುತ್ತಿದೆ’ ಎಂಬ ಸಾಲು ಬಂದು ಹೋಗುವುದನ್ನು ನೀವು ನೋಡಿರಬಹುದು. ಕೆಲವೊಮ್ಮೆ ಅದು ಹೋಗುವುದೇ ಇಲ್ಲ, ಅಲ್ಲೇ ಕೂತುಬಿಡುತ್ತದೆ. ಆ ಸಾಲಿನ ಹಿಂದೆ ನಲವತ್ತು ವರ್ಷದ ಕತೆ ಇದೆ.

ನೆಟ್‌ವರ್ಕಿನಲ್ಲಿರುವ ಪ್ರತಿ ಯಂತ್ರಕ್ಕೂ ಒಂದು ನಂಬರು ಬೇಕು. ಅದಿಲ್ಲದಿದ್ದರೆ ಮಾಹಿತಿ ಯಾರಿಗೆ ತಲುಪಬೇಕು ಎಂಬುದೇ ತಿಳಿಯುವುದಿಲ್ಲ. ಮೊದಮೊದಲು ಈ ನಂಬರನ್ನು ಮನುಷ್ಯರೇ ಒಂದೊಂದು ಕಂಪ್ಯೂಟರಿನ ಮುಂದೆ ಕೂತು ಹಾಕಬೇಕಿತ್ತು. ಅಪ್ಪಿತಪ್ಪಿ ಒಂದೇ ನಂಬರು ಎರಡಕ್ಕೆ ಬಿದ್ದರೆ ಎರಡೂ ತಡವರಿಸುತ್ತಿದ್ದವು.

ಅಷ್ಟರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಡಿಸ್ಕೇ ಇಲ್ಲದ ಕಂಪ್ಯೂಟರುಗಳು ಬಂದವು. ಸ್ವಿಚ್ ಹಾಕಿದಾಗ ಅವಕ್ಕೆ ತಮ್ಮ ನಂಬರೂ ನೆನಪಿರುತ್ತಿರಲಿಲ್ಲ. 1984ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಆರ್‌ಎಆರ್‌ಪಿ ಎಂಬ ಉಪಾಯ ಕಂಡುಕೊಂಡರು. ಯಂತ್ರವು ಕಾರ್ಖಾನೆಯಲ್ಲೇ ತನಗೆ ಕೊಟ್ಟ ಹಾರ್ಡ್‌ವೇರ್ ಸಂಖ್ಯೆ ಹೇಳಿ, ನನ್ನ ವಿಳಾಸ ಯಾವುದು ಎಂದು ಕೇಳುತ್ತದೆ. ಆದರೆ ಆ ಕೂಗು ರೌಟರ್ ದಾಟುತ್ತಿರಲಿಲ್ಲ. 1985ರಲ್ಲಿ ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ ರೂಪಿಸಿದ ಬೂಟ್‌ಪಿ ಆ ತೊಡಕು ಬಿಡಿಸಿತು. ಆದರೂ ಯಾವ ಯಂತ್ರಕ್ಕೆ ಯಾವ ನಂಬರು ಎಂಬ ಪಟ್ಟಿಯನ್ನು ಮನುಷ್ಯರೇ ಬರೆಯಬೇಕಿತ್ತು. ಕಂಪ್ಯೂಟರು ಕೆಟ್ಟು ಮೂಲೆ ಸೇರಿದರೂ ನಂಬರು ಅದರ ಹೆಸರಿನಲ್ಲೇ ಉಳಿಯುತ್ತಿತ್ತು.

1993ರ ಅಕ್ಟೋಬರಿನಲ್ಲಿ ಪೆನ್ಸಿಲ್ವೇನಿಯಾದ ಬಕ್ನೆಲ್ ವಿಶ್ವವಿದ್ಯಾಲಯದ ರಾಲ್ಫ್ ಡ್ರೋಮ್ಸ್ ಬರೆದ ಡಿಎಚ್‌ಸಿಪಿ ದಾಖಲೆ ಪ್ರಕಟವಾಯಿತು. 1997ರಲ್ಲಿ ಅದನ್ನು ತಿದ್ದಿ ಬರೆದರು. ಇವತ್ತಿಗೂ ನಮ್ಮ ಮೊಬೈಲು ವಿಳಾಸ ಕೇಳುವುದು ಆ ನಿಯಮದಂತೆಯೇ. ಅದರಲ್ಲಿದ್ದ ದೊಡ್ಡ ಹೊಸತು ಗೇಣಿ. ಸರ್ವರ್ ಬಳಿ ನಂಬರುಗಳ ಒಂದು ಗುಂಪು ಇರುತ್ತದೆ. ಬಂದವರಿಗೆ ಇಷ್ಟು ಹೊತ್ತು ಎಂದು ಗೊತ್ತು ಮಾಡಿ ಕೊಡುತ್ತದೆ. ಅರ್ಧ ಅವಧಿ ಕಳೆದಾಗ ಮೊಬೈಲೇ ಹೋಗಿ ಗೇಣಿ ಮುಂದುವರಿಸಿ ಎಂದು ಕೇಳುತ್ತದೆ. ಕೇಳದೆ ಹೊರಟುಹೋದರೆ ಅವಧಿ ಮುಗಿದ ಮೇಲೆ ನಂಬರು ಮತ್ತೊಬ್ಬರಿಗೆ. ಉಳುವವನೇ ಒಡೆಯ ಎಂಬ ಕಾನೂನು ಇಲ್ಲಿ ನಡೆಯುವುದಿಲ್ಲ!

ನಡೆಯುವುದು ನಾಲ್ಕೇ ಮಾತು. ಯಾರಾದರೂ ಇದ್ದೀರಾ ಎಂದು ಮೊಬೈಲು ಇಡೀ ನೆಟ್‌ವರ್ಕಿಗೆ ಕೇಳುವಂತೆ ಕೂಗುತ್ತದೆ. ಈ ನಂಬರು ಆದೀತೇ ಎನ್ನುತ್ತದೆ ಸರ್ವರ್. ಅದನ್ನೇ ಕೊಡಿ ಎನ್ನುತ್ತದೆ ಮೊಬೈಲು. ಆಯಿತು, ನಿನ್ನದೇ ಎಂದು ಸರ್ವರ್ ಒಪ್ಪುತ್ತದೆ.

ಆದರೆ ಉತ್ತರ ಕೊಟ್ಟವರು ಯಾರು ಎಂದು ಮೊಬೈಲು ವಿಚಾರಿಸುವುದಿಲ್ಲ. ಸಾಮಾನ್ಯವಾಗಿ ಮೊದಲು ಓಗೊಟ್ಟವರನ್ನು ನಂಬಿಬಿಡುತ್ತದೆ. ನಾವು ಇದನ್ನು ಪೆಟ್ಟು ತಿಂದು ಕಲಿತೆವು. ಗ್ರಾಮ ಪಂಚಾಯಿತಿ ಮತ ಎಣಿಕೆಯ ಹಿಂದಿನ ಸಂಜೆ, ಸಿಗ್ನಲ್ ಸಾಲದೆಂದು ನಮ್ಮ ಕೊಠಡಿಗೆ ಒಂದು ಹಳೇ ರೌಟರ್ ತಂದು ಜೋಡಿಸಿದ್ದೆವು. ಅದರೊಳಗೂ ಒಂದು ಡಿಎಚ್‌ಸಿಪಿ ಸರ್ವರ್ ಇರುತ್ತದೆಂಬುದು ಹೊಳೆಯಲೇ ಇಲ್ಲ. ಬೆಳಿಗ್ಗೆ ಕೆಲವರ ಫೋನಿನಲ್ಲಿ ಇಂಟರ್ನೆಟ್ ಇತ್ತು, ಕೆಲವರಲ್ಲಿ ಇಲ್ಲ. ಫಲಿತಾಂಶ ಕೈಯಲ್ಲಿದ್ದರೂ ಕಳಿಸಲಾಗದೆ ಪರದಾಡಿದೆವು. ಎರಡು ಗಂಟೆ ಕಂಪನಿಯವರನ್ನು ಬೈದದ್ದೇ ಬಂತು. ಕೊನೆಗೆ ಫೋನುಗಳ ವೈಫೈ ವಿವರ ತೆಗೆದು ಪಕ್ಕಪಕ್ಕ ಇಟ್ಟು ನೋಡಿದೆವು. ನಡೆಯುತ್ತಿದ್ದವುಗಳ ವಿಳಾಸ 192.168.1 ಎಂದು ಶುರುವಾಗುತ್ತಿತ್ತು, ನಿಂತವುಗಳದ್ದು 192.168.0 ಎಂದು. ಹಳೇ ರೌಟರು ತನಗೇ ಇಲ್ಲದ ಇಂಟರ್ನೆಟ್ಟಿಗೆ ದಾರಿ ತೋರಿಸುತ್ತಾ ವಿಳಾಸ ಹಂಚುತ್ತಿತ್ತು.

ಅದರ ಸೆಟ್ಟಿಂಗಿನಲ್ಲಿ ಡಿಎಚ್‌ಸಿಪಿ ಆಫ್ ಮಾಡಿ, ಫೋನುಗಳ ವೈಫೈ ಒಮ್ಮೆ ಆರಿಸಿ ಹಾಕಿದೆವು. ಸುದ್ದಿ ಹೋಯಿತು, ಎರಡು ಗಂಟೆ ತಡವಾಗಿ.