ಮಾರ್‌ನ ಅರ್ಲ್ ಜಾನ್ ಎರ್ಸ್ಕಿನ್ (1675–1732)

ಸ್ಕಾಟ್ಲೆಂಡಿನ ಅಲೋವಾದ ಈ ಶ್ರೀಮಂತ ಮನೆತನದ ಒಡೆಯ ರಾಜಕಾರಣಿಯಾಗಿ ಹೆಸರಾದರೂ ಮನಸ್ಸು ನೆಟ್ಟಿದ್ದು ವಾಸ್ತುಶಿಲ್ಪದಲ್ಲಿ. ಅಲೋವಾದ ವಿಶಾಲ ಉದ್ಯಾನವನ್ನು ಸ್ವತಃ ರೂಪಿಸಿದ. ವಾಸ್ತುಶಿಲ್ಪಿ ಜೇಮ್ಸ್ ಗಿಬ್ಸ್‌ಗೆ ಆರಂಭದಲ್ಲಿ ಆಸರೆಯಾದ. ಮೊದಲನೆಯ ಜಾರ್ಜ್ ಬ್ರಿಟನ್ನಿನ ಪಟ್ಟಕ್ಕೆ ಬಂದಾಗ ಸಚಿವ ಪದವಿ ಕಳೆದುಕೊಂಡು, 1715ರಲ್ಲಿ ಪದಚ್ಯುತ ಸ್ಟುವರ್ಟ್ ರಾಜವಂಶದ ಪರ ಬ್ರೇಮಾರ್‌ನಲ್ಲಿ ಬಂಡಾಯದ ಬಾವುಟ ಏರಿಸಿದ. ಸರ್ಕಾರಿ ಸೇನೆಯೊಡನೆ ನಡೆದ ಶೆರಿಫ್‌ಮ್ಯೂರ್ ಕದನ ಇತ್ಯರ್ಥವಾಗಲಿಲ್ಲ. ಮರುವರ್ಷ ಫ್ರಾನ್ಸಿಗೆ ಪಲಾಯನ ಮಾಡಿದ. ಬಿರುದು, ಆಸ್ತಿ ಎರಡೂ ಹೋದವು.

ದೇಶಭ್ರಷ್ಟನಾದರೂ ನಕ್ಷೆ ಬರೆಯುವುದನ್ನು ಬಿಡಲಿಲ್ಲ. 1728ರ ಟಿಪ್ಪಣಿಯೊಂದರಲ್ಲಿ, ಇಕ್ಕಟ್ಟಾದ ಎಡಿನ್‌ಬರೊ ನಗರದಿಂದ ಉತ್ತರಕ್ಕೂ ದಕ್ಷಿಣಕ್ಕೂ ಸೇತುವೆ ಕಟ್ಟಿ, ಆಚೆಯ ಬಯಲಲ್ಲಿ ಅಗಲವಾದ ಹೊಸ ಬೀದಿ ಹಾಕಬೇಕೆಂದು ಸೂಚಿಸಿದ. ಫೋರ್ತ್ ಮತ್ತು ಕ್ಲೈಡ್ ನದಿಗಳ ನಡುವೆ ಕಾಲುವೆಯನ್ನೂ ಕಲ್ಪಿಸಿದ್ದ. ಎರಡೂ ಆ ಶತಮಾನದಲ್ಲೇ ಕಾರ್ಯರೂಪಕ್ಕೆ ಬಂದದ್ದು ಈತನ ದೂರದೃಷ್ಟಿಗೆ ಸಾಕ್ಷಿ. ತಾಯ್ನಾಡಿಗೆ ಮರಳದೆ 1732ರ ಮೇ ತಿಂಗಳಲ್ಲಿ ಜರ್ಮನಿಯ ಆಖೆನ್‌ನಲ್ಲಿ ತೀರಿಕೊಂಡ. 1754ರಲ್ಲಿ ಸಾಯುವಾಗ ಗಿಬ್ಸ್ ಹಳೆಯ ಆಸರೆಯನ್ನು ನೆನೆದು ತನ್ನ ಆಸ್ತಿಯ ದೊಡ್ಡ ಪಾಲನ್ನು ಈತನ ಮಗನಿಗೆ ಬಿಟ್ಟುಹೋದ.