ಬೀಡಿ, ತಂಬಾಕು ಬಿಡಿಸಲು ಹಲ್ಲಿನ ಡಾಕ್ಟರರು ಏನು ಮಾಡಬಹುದು?

ಮನೆಯವರಿಗೆ ಗೊತ್ತಾಗದಂತೆ ಬೀಡಿ ಸೇದುವವರೂ ಹಲ್ಲಿನ ಡಾಕ್ಟರರ ಮುಂದೆ ಬಾಯಿ ತೆರೆಯಲೇಬೇಕು. ಆಗ ಡಾಕ್ಟರರು ಗದರಿದರೆ ರೋಗಿ ಮತ್ತೆ ಆ ಕಡೆ ಬರುವುದಿಲ್ಲ. ಸುಮ್ಮನಿದ್ದರೆ ಒಳ್ಳೆಯ ಅವಕಾಶ ತಪ್ಪಿಹೋಗುತ್ತದೆ. ನಮ್ಮ ಗಡಿ ಊರುಗಳ ದಂತವೈದ್ಯರಿಗೂ ಅವರಲ್ಲಿಗೆ ಹೋಗುವ ಸದಸ್ಯರಿಗೂ ಅನುಕೂಲವಾಗಲೆಂದು ಈ ಮಾಹಿತಿ ಕೊಡುತ್ತಿದ್ದೇವೆ.

ಬಾಯಿ ಹೇಳುವ ಸಂಗತಿ

ಧೂಮಪಾನದಿಂದ ವಸಡಿನ ರಕ್ತನಾಳಗಳು ಕುಗ್ಗುತ್ತವೆ. ಹೀಗಾಗಿ ರೋಗವಿದ್ದರೂ ರಕ್ತ ಕಾಣಿಸದೆ ಇರಬಹುದು. ಒಳಗೆ ಮೂಳೆ ಸವೆಯುತ್ತಿರುತ್ತದೆ. ಬಿಟ್ಟ ಹೊಸದರಲ್ಲಿ ವಸಡಿನಿಂದ ಸ್ವಲ್ಪ ರಕ್ತ ಬಂದರೆ ಹೆದರಬೇಕಾಗಿಲ್ಲ ಎಂದು ರೋಗಿಗೆ ಮೊದಲೇ ತಿಳಿಸಬೇಕು. ಹಲ್ಲು ಕೀಳಿಸಿದ ಮೇಲೆ ಸೇದಿದರೆ ಗಾಯ ಮಾಯುವುದು ತಡವಾಗುತ್ತದೆ. ಒರೆಸಿದರೂ ಹೋಗದ ಬಿಳಿ ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಬಾಯಿ ಅಗಲಿಸಲು ಆಗದಿರುವುದು, ಇವುಗಳಲ್ಲಿ ಯಾವುದಿದ್ದರೂ ಕೂಡಲೇ ತೋರಿಸಿಕೊಳ್ಳಬೇಕು.

ಐದು ಹೆಜ್ಜೆ

1. ಕೇಳುವುದು: 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಸೇದುವವರು ಶೇ. 10.7, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ. 21.4. ಆದ್ದರಿಂದ "ಸಿಗರೇಟು ಸೇದುತ್ತೀರಾ?" ಎಂದಷ್ಟೇ ಕೇಳಿದರೆ ಸಾಲದು. ಬೀಡಿ, ಗುಟ್ಕಾ, ಕಡ್ಡಿಪುಡಿ, ಮಿಶ್ರಿ ಎಂದು ಹೆಸರು ಹಿಡಿದೇ ಕೇಳಬೇಕು. ಮಿಶ್ರಿ ಉಜ್ಜುವವರು ಅದನ್ನು ಹಲ್ಲುಪುಡಿ ಎಂದುಕೊಂಡಿರುತ್ತಾರೆ. ಹೆಂಗಸರನ್ನೂ ಕೇಳಬೇಕು.

2. ಹೇಳುವುದು: ಕನ್ನಡಿ ಹಿಡಿದು ಅವರದೇ ವಸಡು, ಮಚ್ಚೆ ತೋರಿಸಿ, "ಬಿಟ್ಟರೆ ಇದು ಸುಧಾರಿಸುತ್ತದೆ" ಎಂದು ಸ್ಪಷ್ಟವಾಗಿ ಹೇಳುವುದು.

3. ಮನಸ್ಸು ತಿಳಿಯುವುದು: ಬಿಡಲು ಸಿದ್ಧರಿದ್ದಾರೆಯೇ, ಹಿಂದೆ ಪ್ರಯತ್ನಿಸಿದ್ದರೇ, ಎದ್ದು ಎಷ್ಟು ಹೊತ್ತಿಗೆ ಮೊದಲ ಬೀಡಿ ಹಚ್ಚುತ್ತಾರೆ ಎಂದು ವಿಚಾರಿಸುವುದು. ಎದ್ದ ಅರ್ಧ ಗಂಟೆಯೊಳಗೆ ಬೇಕೇಬೇಕು ಎಂದರೆ ಚಟ ಗಟ್ಟಿಯಾಗಿದೆ ಎಂದರ್ಥ.

4. ನೆರವಾಗುವುದು: ಬಿಡುವ ದಿನವನ್ನು ಗೊತ್ತು ಮಾಡಿಸುವುದು. ಸೇದಬೇಕೆನಿಸುವ ತುಡಿತ ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಆ ಹೊತ್ತಿಗೆ ನೀರು ಕುಡಿಯುವುದು, ನಾಲ್ಕು ಹೆಜ್ಜೆ ಓಡಾಡುವುದು ಒಳ್ಳೆಯದು. ನಿಕೋಟಿನ್ ಗಮ್ ಕೊಟ್ಟರೆ ಬಳಸುವ ಕ್ರಮವನ್ನೂ ಹೇಳಿಕೊಡಬೇಕು: ನಿಧಾನವಾಗಿ ಅಗಿದು, ಚುರುಗುಟ್ಟಿದಾಗ ಕೆನ್ನೆಯ ಒಳಬದಿಗೆ ಒತ್ತಿಟ್ಟುಕೊಳ್ಳಬೇಕು. ಅದಕ್ಕೆ ಮುಂಚಿನ ಕಾಲು ಗಂಟೆ ಕಾಫಿ ಕುಡಿಯಬಾರದು.

5. ಮತ್ತೆ ವಿಚಾರಿಸುವುದು: ಮೊದಲ ವಾರವೇ ಕಷ್ಟದ್ದು. ಆಗ ಒಂದು ಫೋನು ಮಾಡಿದರೂ ಬಲ ಬರುತ್ತದೆ. ಜಾರಿ ಮತ್ತೆ ಸೇದಿದ್ದರೆ ಬೈಯದೆ ಹೊಸ ದಿನ ಗೊತ್ತು ಮಾಡಬೇಕು.

ಭಾಷೆಯ ತೊಡಕು

ಆದೋನಿಯಲ್ಲಿ ತೆಲುಗು, ಜತ್ತದಲ್ಲಿ ಮರಾಠಿ ಮಾತನಾಡುವ ಡಾಕ್ಟರರ ಮುಂದೆ ನಮ್ಮ ಹಿರಿಯರು ತಲೆಯಾಡಿಸಿ ಬಂದುಬಿಡಬಹುದು. ಅಂಥವರಿಗೆ ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ 1800-11-2356 ನೆರವಾಗುತ್ತದೆ. ಕರೆ ಉಚಿತ. 2016ರಲ್ಲಿ ಶುರುವಾದ ಈ ಸೇವೆಗೆ 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಕೂಡ ಸೇರಿತು, ಕನ್ನಡದಲ್ಲೇ ಮಾತನಾಡಬಹುದು. ವೈದ್ಯ ಸದಸ್ಯರು ಈ ಸಂಖ್ಯೆಯನ್ನು ಕ್ಲಿನಿಕ್ಕಿನ ಗೋಡೆಯ ಮೇಲೆ ಕನ್ನಡದಲ್ಲೂ ಬರೆಸಬೇಕೆಂದು ಕೋರುತ್ತೇವೆ.

ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ಒಂದು ಮಾತು. ಮಗ ಅಥವಾ ಸೊಸೆಯ ಎದುರು ಅವರು ನಿಜ ಹೇಳಲು ನಾಚಬಹುದು. ಡಾಕ್ಟರರಿಗೆ ಅವರ ಮಾತು ತಿಳಿಯುವಂತಿದ್ದರೆ ಐದು ನಿಮಿಷ ಹೊರಗೆ ಕುಳಿತಿರಿ.