ಮೊಳಕಾಲ್ಮುರಿನ ರೇಷ್ಮೆ ಮತ್ತು ಗೂಡಿನೊಳಗಿನ ಕೋಶ

ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಮೊಳಕಾಲ್ಮುರು ಸೀರೆಯ ಚರ್ಚೆ ಸಾಮಾನ್ಯವಾಗಿ ಮಗ್ಗ, ಅಂಚು, ಸೆರಗುಗಳ ಸುತ್ತಲೇ ನಡೆಯುವುದರಿಂದ, ಆ ಸೀರೆಗೆ ಬೇಕಾದ ಹಿಪ್ಪುನೇರಳೆ ರೇಷ್ಮೆಯನ್ನು ಕೊಡುವ ಬಾಂಬಿಕ್ಸ್ ಮೋರಿ ಎಂಬ ಪತಂಗವು ಕೊರಿಯಾ, ಚೀನಾ ಮತ್ತು ಈಶಾನ್ಯ ಭಾರತದ ಜನರಿಗೆ ಆಹಾರವೂ ಆಗಿದೆ ಎಂಬ ಅಂಶ ಬದಿಗೆ ಸರಿಯುತ್ತದೆ. ತಿನ್ನುವುದು ಪತಂಗವನ್ನಲ್ಲ, ಗೂಡಿನೊಳಗಿನ ಕೋಶವನ್ನು, ಅಂದರೆ ಹುಳು ಪತಂಗವಾಗಿ ಮಾರ್ಪಡುವ ನಡುವಣ ಹಂತವನ್ನು.

ಈ ಹಂತವೇ ಪುಷ್ಟಿಕರವಾಗಿರಲು ಜೈವಿಕ ಕಾರಣವಿದೆ. ಪ್ರೌಢ ಪತಂಗದ ಬಾಯಿಯ ಅಂಗಗಳು ಬೆಳೆದಿರುವುದಿಲ್ಲ; ಅದು ಏನನ್ನೂ ತಿನ್ನದೆ ಕೂಡಿ, ನಾಲ್ಕೈದು ನೂರು ಮೊಟ್ಟೆಯಿಟ್ಟು, ಕೆಲವೇ ದಿನಗಳಲ್ಲಿ ಸಾಯುತ್ತದೆ. ಹಾಗಾಗಿ ಆ ಬದುಕಿಗೆ ಬೇಕಾದ ಸಮಸ್ತವನ್ನೂ ಹುಳು ಮುಂಚಿತವಾಗಿಯೇ ಸೊಪ್ಪಿನಿಂದ ಕೂಡಿಸಿಕೊಳ್ಳಬೇಕು. ಬೆಳೆಗಾರರು ‘ಜ್ವರ’ ಎಂದು ಕರೆಯುವ, ಹುಳು ಮೇವು ಬಿಟ್ಟು ತಲೆಯೆತ್ತಿ ನಿಶ್ಚಲವಾಗಿ ಕೂರುವ ನಾಲ್ಕು ಪೊರೆ ಬಿಡುವ ಅವಧಿಗಳನ್ನು ದಾಟಿ ಐದನೆಯ ಹಂತಕ್ಕೆ ಬಂದ ಹುಳು ಒಟ್ಟು ಸೊಪ್ಪಿನ ಬಹುಪಾಲನ್ನು ಆಗಲೇ ಮೇಯುತ್ತದೆ. ಮೊಟ್ಟೆಯಿಂದ ಹೊರಬಂದಾಗಿನ ತೂಕದ ಸುಮಾರು ಹತ್ತು ಸಾವಿರ ಪಟ್ಟು ಬೆಳೆದು, ಹಣ್ಣಾಗಿ, ಗೂಡು ಕಟ್ಟಲು ಇಡುವ ಬಿದಿರಿನ ತಟ್ಟಿಯಾದ ಚಂದ್ರಿಕೆಯನ್ನು ಏರುತ್ತದೆ. ಒಳಗೆ ಸೇರಿಸಿಕೊಂಡದ್ದರಲ್ಲಿ ಒಂದು ಭಾಗ ನೂಲಾಗಿ ಹೊರಬಂದರೆ ಉಳಿದದ್ದು ಕೊಬ್ಬಿನ ಅಂಗಾಂಶವಾಗಿ ಕೋಶದಲ್ಲಿ ನಿಲ್ಲುತ್ತದೆ. ಒಣಗಿಸಿದ ಕೋಶದ ತೂಕದಲ್ಲಿ ಅರ್ಧದಷ್ಟು ಪ್ರೋಟೀನು, ಕಾಲುಭಾಗದ ಆಸುಪಾಸು ಕೊಬ್ಬು ಇರುವುದೂ, ಆ ಕೊಬ್ಬಿನಲ್ಲಿ ಒಮೆಗಾ-3 ವರ್ಗದ ಲಿನೋಲೆನಿಕ್ ಆಮ್ಲ ಗಣನೀಯವಾಗಿರುವುದೂ ಇದರ ಫಲ.

ಪತಂಗ ಹೊರಬರುವಾಗ ಸ್ರವಿಸುವ ದ್ರವವು ಗೂಡಿನ ತುದಿಯನ್ನು ಸಡಿಲಿಸಿ ಎಳೆಯನ್ನು ಹಾಳುಗೆಡಹುವುದರಿಂದ, ಗೂಡಿನಿಂದ ಅಖಂಡ ನೂಲು ಬಿಚ್ಚಬೇಕಾದ ರೀಲರು ಅದಕ್ಕೂ ಮೊದಲೇ ಗೂಡನ್ನು ಬಿಸಿಗೆ ಒಡ್ಡುತ್ತಾನೆ. ನೇಯ್ಗೆಯ ಬೇಡಿಕೆ ಮತ್ತು ಆಹಾರದ ಬೇಡಿಕೆ ಒಂದೇ ಗಳಿಗೆಯಲ್ಲಿ ಕೂಡುವುದು ಇಲ್ಲಿಯೇ. ಅಸ್ಸಾಮಿನ ಎರಿ ಹುಳುವಿನ ಕಥೆ ಬೇರೆ: ಹರಳೆಲೆ ತಿನ್ನುವ ಅದರ ಗೂಡಿನ ಒಂದು ತುದಿ ತೆರೆದೇ ಇರುವುದರಿಂದ ಕೋಶವನ್ನು ಹೊರತೆಗೆದು ಬೇಯಿಸಿ ತಿಂದು, ಗೂಡನ್ನು ಹತ್ತಿಯಂತೆ ನೂಲುತ್ತಾರೆ.

ಕರ್ನಾಟಕದಲ್ಲಿ ನೂಲು ಬಿಚ್ಚಿದ ಮೇಲೆ ಉಳಿಯುವ ಕೋಶ ಕೋಳಿ ಮತ್ತು ಮೀನಿನ ಮೇವಿಗೆ, ಎಣ್ಣೆಗೆ, ಗೊಬ್ಬರಕ್ಕೆ ಹೋಗುತ್ತದೆ. ಅದು ಜನರ ಊಟಕ್ಕೆ ಬಾರದಿರುವುದಕ್ಕೆ ರೂಢಿಯೊಂದೇ ಕಾರಣವೆನ್ನುವುದು ಅವಸರದ ತೀರ್ಮಾನ. ಬಿಸಿನೀರಿನಲ್ಲಿ ತೊಯ್ದ ಕೋಶದಲ್ಲಿ ತೇವಾಂಶ ಹೆಚ್ಚಿದ್ದು, ಕೊಬ್ಬು ಬೇಗ ಕಮಟಿ ಕಟುವಾಸನೆ ಹಬ್ಬುತ್ತದೆ. ನೂಲು ಬಿಚ್ಚುವ ಬೇಸಿನ್ನಿನ ವಿನ್ಯಾಸವು ಸಾಮಾನ್ಯವಾಗಿ ಅದನ್ನು ತಾಜಾ ಇಡಲು ಬೇಕಾದ ಶುಚಿಯನ್ನು ಗುರಿಯಾಗಿ ಇಟ್ಟುಕೊಂಡಿರುವುದಿಲ್ಲ. ಸೀಗಡಿ ಒಗ್ಗದವರಿಗೆ ಕೋಶವೂ ಒಗ್ಗದಿರುವ ಸಂಭವವಿದೆ. ಇನ್ನು, 1980ರ ಸುಮಾರಿಗೆ ರಾಜ್ಯಕ್ಕೆ ಕಾಲಿಟ್ಟ ಊಜಿ ನೊಣದ ಮರಿ ಹುಳುವಿನ ದೇಹವನ್ನೇ ತಿಂದು ಬೆಳೆದು ಗೂಡನ್ನು ಕೊರೆದು ಹೊರಬರುವುದರಿಂದ, ತೂತುಬಿದ್ದ ಗೂಡು ನೂಲಿಗೂ ಆಹಾರಕ್ಕೂ ಒಂದೇ ಸಲ ನಷ್ಟವಾಗುತ್ತದೆ.